ಪಥ್ಯ ಬಿಡಿಸುವ ಉಪ್ಪು

ಜಾಲಿ ಗಿಡದ ಆಚೆಗಿನ ಬದು ಇನ್ನೂ ಹಸಿರಾಗಿದ್ದರೆ ಸಾಕು ಎಂದುಕೊಳ್ಳುತ್ತ ವಿಠೋಬಾ ನಾಲ್ಕು ದಿನದಿಂದ ದಿನಾ ಮುಂಜಾನೆ ಅಲ್ಲಿಗೆ ಹೋಗಿ ನೋಡಿ ಬರುತ್ತಿದ್ದ. 'ಆಡು ಇಲ್ಲೇ ಕಟ್ಟಿ ಅದಾವ, ನೀವೊಬ್ಬರ ಮೇಯಾಕ ಹೊಂಟೀರೇನು?' ಎಂದು ಹೆಂಡತಿ ಹೊಳೆವ್ವ ನಿನ್ನೆ ನಕ್ಕಿದ್ದಳು. ಏಕಸಂಬಿಯ ಹೊರಗೆ, ಕಾಲುವೆ ಏರಿಯ ಮೇಲೆ ನಡೆದು ಹೋದರೆ ಎಡಕ್ಕೆ ದುಂಡೇಶನ ಕಬ್ಬು. ಆ ಕಬ್ಬಿನ ಬದುವಿನ ನಡುವೆ ಒಂಟಿ ಜಾಲಿ. ಜಾಲಿಯ ಈಚೆಗೆ ಸೋಮವಾರವೇ ಕರಿಕೆಯ ತುದಿ ಸಪ್ಪಗಾಗಿತ್ತು, ಮಂಗಳವಾರ ಕಾಂಗ್ರೆಸ್ ಕಸ ತಲೆ ಬಗ್ಗಿಸಿತ್ತು, ನಿನ್ನೆ ಉತ್ತರಾಣಿ, ತುಂಬೆ ಎಲ್ಲವೂ ಯಾರೋ ಅರಿಶಿನದ ಕೈ ಸವರಿಕೊಂಡು ಹೋದ ಹಾಗೆ ಆಗಿದ್ದವು. ಆಚೆಗೆ ಮಾತ್ರ ಹಸಿರು ನಿಂತಿತ್ತು. ಆ ಹಸಿರನ್ನು ನೋಡಿ ನಿನ್ನೆ ಎರಡು ರೊಟ್ಟಿ ಹೆಚ್ಚಿಗೆ ತಿಂದಿದ್ದ. ಇವತ್ತು ಗುರುವಾರ, ಹಳದಿ ಜಾಲಿಯನ್ನು ದಾಟಿತ್ತು. ನೆರಳು ಇಷ್ಟು ದಿನ ತಡೆದು ಹಿಡಿದಿತ್ತೇನೋ. ಕುಕ್ಕರಗಾಲಿನಲ್ಲಿ ಕೂತು, ಎಲೆಯ ಕೆಳಗೆ ಸಾಸಿವೆಯಂಥ ಕಾಯಿಗಳನ್ನು ಸಾಲಾಗಿ ಕಟ್ಟಿಕೊಂಡಿದ್ದ ಆ ಗೇಣುದ್ದದ ಗಿಡವನ್ನು ಬೆರಳಿನಿಂದ ಮುಟ್ಟಿದ. ಎಲೆಗಳು ಬೆರಳಿಗೇ ಉದುರಿದವು. ಪಕ್ಕದಲ್ಲಿ ಭಾನುವಾರ ತಾನೇ ಬೇರು ಸಮೇತ ಕಿತ್ತ ಕುಳಿ ಹಾಗೇ ಇತ್ತು, ಅದರಲ್ಲಿ ಒಂದು ಇರುವೆ ಹತ್ತುತ್ತ ಇಳಿಯುತ್ತ ಇತ್ತು. ಅವನಿಗೆ ಭಾನುವಾರ ಔಷಧ ಕುಡಿದು ಹೋದ ಹುಡುಗಿಯ ಕಣ್ಣು ನೆನಪಾಯಿತು. ಅದೇ ಬಣ್ಣ.

ಒಂದು ಮಾತು ಕೇಳಬಹುದಿತ್ತು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಇದೇ ಬದುವಿನ ಮೇಲೆ ಬರುತ್ತಿದ್ದಾಗ ದುಂಡೇಶ ಮೋಟರ್ ಚಾಲೂ ಮಾಡಿ, ಬಾವಿಯ ದಂಡೆಯ ಮೇಲೆ ನಿಂತು, ಕೈಗಳನ್ನು ಬಾಯಿಗೆ ಹಿಡಿದು ಕೂಗಿದ್ದ: 'ಕಾಕಾ, ನಿನ್ನಿ ಸಂಜಿಕ ಬದುವಿಗೆ ಕಸದ ಎಣ್ಣಿ ಹೊಡ್ದೇನಿ. ಆಡ ಬಿಡಬ್ಯಾಡ ಇತ್ತಾಗ.' ಅವನು ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತ್ತು. ಕಸ ಸಾಯಲಿಕ್ಕೆ ಹೊಡೆಯುವ ಎಣ್ಣೆ, ಬೆನ್ನಿನ ಪಂಪಿನಿಂದ. ಎಲ್ಲಿಯ ತನಕ ಹೊಡೆದೆಯೋ, ಜಾಲಿಯ ತನಕವೋ ಅದರಾಚೆಗೂ ಹೋಯಿತೋ ಎಂದು ಕೇಳಲು ನಾಲಿಗೆ ಎದ್ದಿತ್ತು. ಆದರೆ ಕಾಮಣಿಯ, ಅಂದರೆ ಕಾಮಾಲೆಯ, ಔಷಧ ತರಲು ಹೊಸ್ತಿಲು ದಾಟಿದವನು ಅದು ರೋಗಿಯ ಬಾಯಿಗೆ ಬೀಳುವ ತನಕ ತುಟಿ ಬಿಚ್ಚಬಾರದು. ಅವ್ವ ಹಾಗೆ ಕಲಿಸಿ ಹೋಗಿದ್ದಳು. ಅವ್ವ ಸತ್ತು ನಲವತ್ಮೂರು ವರ್ಷವಾಯಿತು, ಒಂದು ಸಲವೂ ಅವನು ಬಿಚ್ಚಿರಲಿಲ್ಲ. ಹಾವು ಕಾಲ ಮೇಲೆ ಹಾದು ಹೋದ ದಿನವೂ ಬಿಚ್ಚಿರಲಿಲ್ಲ. ದುಂಡೇಶನಿಗೆ ಕೈ ಎತ್ತಿ ತೋರಿಸಿದ, ತಿಳಿಯಿತು ಎನ್ನುವ ಹಾಗೆ. ದುಂಡೇಶನೂ ಕೈ ಎತ್ತಿ ತಿರುಗಿ ಹೋದ. ಜಾಲಿಯ ಈಚೆಗೆ ಎಣ್ಣೆಯ ವಾಸನೆ ಇತ್ತು, ದಾಟಿದ ಮೇಲೆ ಇಲ್ಲ ಅನ್ನಿಸಿತು. ಇಲ್ಲ ಅನ್ನಿಸಿತೋ, ಇಲ್ಲ ಅನ್ನಿಸಿಕೊಂಡನೋ. ಗಿಡ ಕಿತ್ತು, ಕಾಲುವೆಯಲ್ಲಿ ಮೂರು ಸಲ ತೊಳೆದ. ಎಂದೂ ಒಂದು ಸಲಕ್ಕಿಂತ ಹೆಚ್ಚು ತೊಳೆದವನಲ್ಲ. ಆ ಎರಡು ಸಲ ಯಾಕೆ ಹೆಚ್ಚಿಗೆ ತೊಳೆದೆ ಎಂದು ಈಗ ತನ್ನನ್ನೇ ಕೇಳಿಕೊಂಡ. ಗೊತ್ತಿಲ್ಲದವನು ಮೂರು ಸಲ ತೊಳೆಯುತ್ತಾನೇನು?

ಭಾನುವಾರ ಅವನು ಗಿಡ ಹಿಡಿದು ಬರುವಷ್ಟರಲ್ಲಿ ಮನೆಯಂಗಳದಲ್ಲಿ ಅವರು ಆಗಲೇ ಬಂದು ಕೂತಿದ್ದರು. ಭೋಜ ಊರಿನಿಂದ ಮೋಟರ್‌ಸೈಕಲ್ ಮೇಲೆ ಬಂದ ಶಿವರಾಜ, ಹಿಂದೆ ಹೊದ್ದುಕೊಂಡು ಕೂತಿದ್ದ ಅವನ ಹೆಂಡತಿ ಮನೀಷಾ. ಮದುವೆಯಾಗಿ ಎರಡನೆಯ ವರ್ಷ. ಅವಳು ಬರಿ ಹೊಟ್ಟೆಯಲ್ಲಿ ಬಂದಿದ್ದಳು, ಹಾಗೇ ಬರಬೇಕು. ಶಿವರಾಜ ಕೈಗಡಿಯಾರ ನೋಡಿಕೊಳ್ಳುತ್ತ ಹೊಳೆವ್ವನಿಗೆ ಹೇಳುತ್ತಿದ್ದುದು ಬಾಗಿಲ ಹೊರಗೇ ಕೇಳಿಸಿತು: 'ಅಜ್ಜಾರಿಗಿ ಔಷಧ ಸಿಗಲಿಲ್ಲಂದ್ರ ನೇರ ಚಿಕ್ಕೋಡಿ ದವಾಖಾನಿಗಿ ಹೋಗಿಬಿಡ್ತೀವಿ ಆಯಿ. ನಮ್ಮವ್ವ ಹಟಾ ಹಿಡದಾಳಂತ ಬಂದೇವಿ, ಅಷ್ಟ.' ಆ 'ಅಷ್ಟ' ಎಲ್ಲೋ ಚುಚ್ಚಿತು. ಎದೆಯಲ್ಲಲ್ಲ, ಕಿತ್ತ ಗಿಡ ಹಿಡಿದಿದ್ದ ಮುಷ್ಟಿಯಲ್ಲೇ ಚುಚ್ಚಿದ ಹಾಗೆ. ಬಾಯಿ ತೆರೆದು ಇವತ್ತು ಬೇಡ, ಸಿಗಲಿಲ್ಲ ಎನ್ನಬಹುದಿತ್ತು. ದವಾಖಾನೆಗೆ ಹೋಗುತ್ತಿದ್ದರು. ಅವನು ಸುಮ್ಮನೆ ಕಲ್ಲಿನ ಮುಂದೆ ಕೂತು ಅರೆದ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದೂ ಅವ್ವನ ಮಾತೇ, ಆದರೆ ಆಗ ನೆನಪಿಗೆ ಬಂದದ್ದು ಅವ್ವನ ಮಾತಲ್ಲ, ಆ ಕೈಗಡಿಯಾರ. ಆಡಿನ ಹಾಲಿನಲ್ಲಿ ಕಲಸಿದ್ದನ್ನು ಹುಡುಗಿ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದಳು. ಉಳಿದ ದಂಟುಗಳನ್ನು ಎಂದಿನಂತೆ ಕರಿ ಆಡಿನ ಮುಂದೆ ಒಗೆದ. ಆಡು ಮೂಸಿ ನೋಡಿ, ಮುಖ ತಿರುವಿಕೊಂಡು, ಗೋಡೆ ನೆಕ್ಕತೊಡಗಿತು. ಅದನ್ನು ಅವನೊಬ್ಬನೇ ನೋಡಿದ. 'ಒಂಬತ್ತ ದಿನಾ ಪಥ್ಯ' ಎಂದು ಹೇಳುವಾಗ ಅವನ ಮೊದಲ ಮಾತು ಹೊರಬಿದ್ದಿತ್ತು. 'ಉಪ್ಪ ಇಲ್ಲ, ಎಣ್ಣಿ ಇಲ್ಲ. ನುಚ್ಚು, ಮಜ್ಜಿಗಿ. ಪಥ್ಯ ನಾನ ಬಿಡಸ್ಬೇಕು, ನೀವಾಗಿ ಬಿಡೂದಲ್ಲ.' ಎಣ್ಣೆ ಇಲ್ಲ ಎಂದು ತಾನು ಹೇಳಿದ್ದು ಈಗ ಬದುವಿನ ಮೇಲೆ ಕೂತವನಿಗೆ ಕೇಳಿಸಿತು.

ಬದುವಿನಿಂದ ಎದ್ದು ಮನೆಗೆ ಬಂದಾಗ ಅಂಗಳದಲ್ಲಿ ಅದೇ ಮೋಟರ್‌ಸೈಕಲ್ ನಿಂತಿತ್ತು. ವಿಠೋಬಾನ ಕಾಲು ಹೊರಗೇ ನಿಂತವು. ಇನ್ನೂ ಐದನೆಯ ದಿನ, ಒಂಬತ್ತಾಗಿಲ್ಲ. ಸತ್ತಳು ಎಂದು ಹೇಳಲು ಬಂದಿದ್ದಾನೆ ಎಂದುಕೊಂಡ. ಆಶ್ಚರ್ಯವೆಂದರೆ ಆ ಗಳಿಗೆಯಲ್ಲಿ ಅವನಿಗಾದದ್ದು ದುಃಖವಲ್ಲ, ಒಂದು ಬಗೆಯ ಹಗುರ. ಮುಗಿಯಿತು, ಇನ್ನು ಬದು ನೋಡಬೇಕಾಗಿಲ್ಲ. ಅದು ತಿಳಿದು ಒಂದು ಹೆಜ್ಜೆ ಹಿಂದಕ್ಕಿಟ್ಟ. ಶಿವರಾಜ ಎದ್ದು ಬಂದು ಕಾಲು ಮುಟ್ಟಿದ. ಭಾನುವಾರ ಮುಟ್ಟಿರಲಿಲ್ಲ.

'ಅಜ್ಜಾ, ನೀವ ಬರಬೇಕ್ರಿ ಚಿಕ್ಕೋಡಿಗೆ. ಮಂಗಳಾರ ಸಂಜಿಗಿ ದವಾಖಾನಿಗಿ ಹಾಕೇವಿ. ವಾಂತಿ ನಿಂದರವಲ್ದು. ಡಾಕ್ಟರ್ ಉಪ್ಪ ಸಕ್ಕರಿ ನೀರ ಕುಡಸ್ರಿ, ಊಟಾ ಕೊಡ್ರಿ ಅಂತಾರ. ಅಕಿ ಒಲ್ಲೆ ಅಂತಾಳ. ಅಜ್ಜಾ ಪಥ್ಯ ಬಿಡಸೂತನಕ ಬಾಯಾಗ ಉಪ್ಪ ಹಾಕೂದಿಲ್ಲಂತ. ನಮ್ಮವ್ವಂದೂ ಅದ ಮಾತು.'

'ಡಾಕ್ಟರಿಗಿ ಔಷಧದ್ದು ಹೇಳೀರಿಲ್ಲೋ?' ವಿಠೋಬಾ ಕೇಳಿದ.

'ಇಲ್ರಿ. ಹಳ್ಳಿ ಔಷಧ ಏನರ ಕೊಟ್ಟೀರೇನಂತ ಕೇಳಿದ್ರು. ಏನೂ ಇಲ್ಲ, ಹರಕಿ ಐತಿ, ಉಪವಾಸ ಮಾಡ್ಯಾಳಂತ ಹೇಳೇವಿ. ನಿಮ್ಮ ಹೆಸರು ತಗಿಯೂದಿಲ್ಲ, ಹೆದರಬ್ಯಾಡ್ರಿ. ಡಾಕ್ಟರ್ ಬಂದ್ರ ನಮ್ಮ ಅಜ್ಜಾ ಅಂತ ಹೇಳ್ತೀನಿ. ನೀವೂ ಏನೂ ಮಾತಾಡಬ್ಯಾಡ್ರಿ. ಬರೇ ಪಥ್ಯ ಬಿಡಸ್ರಿ, ಸಾಕು.'

ಹೊಳೆವ್ವ ಒಳಗಿನಿಂದ ಕಲ್ಲುಪ್ಪಿನ ಚಿಟಿಕೆಯನ್ನು ಬಟ್ಟೆಯ ತುದಿಗೆ ಗಂಟು ಹಾಕಿ ತಂದು ಕೊಟ್ಟಳು. ಕೊಡುವಾಗ ಗಂಡನ ಮುಖ ನೋಡಿದಳು. 'ಹಿಂಗ್ಯಾಕ ಮುದುಡಿ ನಿಂತೀರಿ?' ಎಂದು ಮೆಲ್ಲಗೆ ಕೇಳಿದಳು. ನಲವತ್ತೆಂಟು ವರ್ಷ ಜೊತೆಗಿದ್ದವಳಿಗೆ ಹೇಳಬಹುದಿತ್ತು. 'ಥಂಡಿ ಐತಿ' ಎಂದ. ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು.

ಶಿವರಾಜನ ಬೆನ್ನಿಗೆ ಅಂಟಿ ಕೂತು ಹೋಗುವಾಗ ರಸ್ತೆಯ ಎರಡೂ ಬದಿ ಓಡುತ್ತಿತ್ತು. ಹಾರಿ ಇಳಿಯೋಣವೆಂದರೂ ಇಳಿಯುವ ಹಾಗಿಲ್ಲ. ಕಣ್ಣು ತನ್ನ ಪಾಡಿಗೆ ತಾನು ಗಿಡಗಳನ್ನು ಆರಿಸುತ್ತಿತ್ತು, ಎಪ್ಪತ್ತು ವರ್ಷದ ಚಟ. ಎಕ್ಕೆ, ಮೊಣಕಾಲು ಬಾತರೆ ಎಲೆಗೆ ಎಣ್ಣೆ ಸವರಿ ಕಾಸಿ ಕಟ್ಟಬೇಕು. ಆಡುಸೋಗೆ, ಕೆಮ್ಮಿಗೆ. ಕುಡುಗೋಲು ತಾಗಿದರೆ ಹಿಂಡುವ ಗಾಯದ ಸೊಪ್ಪು. ಹಲ್ಲಿಗೆ ಉತ್ತರಾಣಿ. ಇವುಗಳ ಹೆಸರನ್ನೆಲ್ಲ ಅವನು ಕೇಳಿದವರಿಗೆ, ಕೇಳದವರಿಗೂ ಹೇಳುತ್ತಿದ್ದ. ಒಂದೇ ಒಂದರದು ಹೇಳಿರಲಿಲ್ಲ. ಹೇಳಿದರೆ ಅದರ ಗುಣ ಹೋಗುತ್ತದೆ. ಅವ್ವ ಅದನ್ನು ಸಾಯುವ ಮುಂಜಾನೆ ಕಿವಿಯಲ್ಲಿ ಹೇಳಿದ್ದಳು. ಬಾಯಿಂದ ವೀಳ್ಯದೆಲೆಯ ವಾಸನೆ ಬರುತ್ತಿತ್ತು, ಹೊರಗೆ ಯಾರೋ ಕೊಡ ಕೆಳಗಿಟ್ಟ ಸದ್ದಾಯಿತು, ಅವ್ವ ಹೆಸರನ್ನು ಎರಡು ಸಲ ಹೇಳಿದಳು, ಮರೆಯಬಾರದೆಂದು. ಅಲ್ಲಿಂದ ಮುಂದೆ ಊರಲ್ಲಿ ಅವನು ಯಾರು ಎಂದರೆ ಆ ಹೆಸರು ಗೊತ್ತಿರುವವನು. ಎರಡೆಕರೆ ಹೊಲ, ಏಳು ಆಡು, ಎರಡನೇ ಇಯತ್ತೆಗೆ ಬಿಟ್ಟ ಸಾಲೆ. ಉಳಿದವರಿಗೆ ಕಬ್ಬು ಇತ್ತು, ದ್ರಾಕ್ಷಿ ಇತ್ತು, ಅವನಿಗೆ ಅದಿತ್ತು. ಈಗ ಬದುಗಳಿಗೆಲ್ಲ ಎಣ್ಣೆ ಹೊಡೆಯುತ್ತಾರೆ, ಟ್ರ್ಯಾಕ್ಟರ್ ಹಚ್ಚಿ ಕೆರೆಯುತ್ತಾರೆ. ಆ ಗಿಡ ಹುಡುಕಿ ಹುಡುಕಿ ಕೊನೆಗೆ ಜಾಲಿಯ ಬುಡವೊಂದೇ ಉಳಿದಿತ್ತು. 'ಅಜ್ಜಾ, ಗಟ್ಟಿ ಹಿಡ್ಕೋರಿ' ಎಂದು ಶಿವರಾಜ ಕೂಗಿದ. ಗಟ್ಟಿಯಾಗಿಯೇ ಹಿಡಿದಿದ್ದ. ಒಂದು ಕೈಯಲ್ಲಿ ಆ ಹುಡುಗನ ಭುಜ, ಇನ್ನೊಂದರಲ್ಲಿ ಉಪ್ಪಿನ ಗಂಟು.

ದವಾಖಾನೆಯ ಮಹಡಿಯ ಕೋಣೆಯಲ್ಲಿ ನಾಲ್ಕು ಮಂಚ. ಕಿಟಕಿಯ ಕಡೆಯದರಲ್ಲಿ ಮನೀಷಾ. ಭಾನುವಾರ ಕಣ್ಣಷ್ಟೇ ಹಳದಿ ಇದ್ದದ್ದು ಈಗ ಅಂಗೈ, ಉಗುರು, ಗಂಟಲಿನ ಕೆಳಗೆಲ್ಲ ಇಳಿದಿತ್ತು. ಕೈಗೆ ಸಲಾಯಿನ್ ಹಚ್ಚಿದ್ದರು. ಬಾಟಲಿಯಿಂದ ಹನಿ ಬೀಳುವುದನ್ನೇ ಅವಳು ನೋಡುತ್ತಿದ್ದಳು. ವಿಠೋಬಾನನ್ನು ಕಂಡು ಏಳಲು ಹೋದಳು. 'ಮಕ್ಕೋ ಮಗಳ' ಎಂದ. ಅತ್ತೆ ಲಕ್ಕವ್ವ ಸ್ಟೂಲಿನಿಂದ ಎದ್ದು, ಸೆರಗಿನಿಂದ ಅದನ್ನು ಒರೆಸಿ, ಅವನನ್ನೇ ಕೂರಿಸಿದಳು. ಕೋಣೆಯಲ್ಲಿದ್ದ ಒಂದೇ ಸ್ಟೂಲು ಅದು. ಪಕ್ಕದ ಮಂಚದ ಮುದುಕಿ ಇವನನ್ನು ಕಣ್ಣು ಕಿರಿದು ಮಾಡಿ ನೋಡಿದಳು.

'ಬಂದ್ರೆಲಾ ಮಾಮಾ, ನನ್ನ ಜೀವ ಬಂತು' ಎಂದಳು ಲಕ್ಕವ್ವ. 'ಈ ನರ್ಸಬಾಯಾರು ದಿನಕ್ಕ ಹತ್ತ ಸಲಾ ಬೈತಾರ. ನಾ ಅಂದೆ, ಏನರ ಬೈರಿ, ಪಥ್ಯ ಕೊಟ್ಟಾವರ ಬಿಡಸ್ಬೇಕು. ನನ್ನ ಮದುವ್ಯಾದ ವರ್ಷ ನನಗ ಕಾಮಣಿ ಆಗಿದ್ದಾಗ ಇವರ ಬಿಡಸಿದ್ದು, ಗೊತ್ತೈತೇನ ಶಿವೂ, ನೀ ಹುಟ್ಟೂಕಿಂತ ಮೊದಲ.'

ಅವನಿಗೆ ನೆನಪಿತ್ತು. ಹದಿನೇಳರ ಹುಡುಗಿ, ಹಸಿರು ಬಳೆ, ಅಂಗಳದ ಬೇವಿನ ಕೆಳಗೆ ಕೂತಿದ್ದಳು. ಪಥ್ಯ ಬಿಡಿಸುವ ರೀತಿ ಹೀಗೆ: ಕೊಟ್ಟವನು ಮೂರು ಸಲ ಗುಣಾತೇನು ಎಂದು ಕೇಳಬೇಕು, ಉಂಡವರು ಮೂರು ಸಲ ಆತು ಅನ್ನಬೇಕು, ಆಮೇಲೆ ನಾಲಿಗೆಯ ಮೇಲೆ ಉಪ್ಪು. ಆತು ಅನ್ನದೆ ಉಪ್ಪಿಲ್ಲ. ಅವಳು ಮೂರು ಸಲವೂ ಥಟ್ಟನೆ ಅಂದಿದ್ದಳು. ಅಂಥವನ್ನೆಲ್ಲ ಅವನು ಮನಸ್ಸಿನಲ್ಲಿ ಎಣಿಸಿಟ್ಟುಕೊಂಡಿದ್ದ. ನಾನೂರಾ ಹನ್ನೊಂದು ಮಂದಿ. ಎಲ್ಲರೂ ಆತು ಅಂದವರೇ.

'ಕೇಳ್ರಿ ಮಾಮಾ, ಡಾಕ್ಟರ್ ಬರೂದ್ರಾಗ ಮುಗಸೂಣು' ಎಂದು ಲಕ್ಕವ್ವ ಬಾಗಿಲಿನ ಕಡೆ ನೋಡಿ ಸೊಸೆಯತ್ತ ಬಗ್ಗಿದಳು. 'ಆತು ಅನ್ನಬೇ ಮನೀಷಾ. ಆಗದಿದ್ರೂ ಅನ್ನು. ನನಗೇನ ಅವತ್ತ ಗುಣಾಗಿತ್ತೇನ? ಮತ್ತ ಒಂದ ತಿಂಗಳ ಮಕ್ಕೊಂಡಿದ್ದೆ. ಉಪ್ಪಿಗಿ ಬಾಯಿ ಸತ್ತ ಹೋಗಿತ್ತು, ಆತು ಅಂದಬಿಟ್ಟೆ!' ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಪಕ್ಕದ ಮುದುಕಿಯೂ ನಕ್ಕಳು. 'ಮಾಮಾ, ಸಿಟ್ಟ ಆಗಬ್ಯಾಡ್ರಿ. ನಿಮ್ಮ ಔಷಧ ಚಲೋನ ಐತಿ.'

ಸಿಟ್ಟು ಬರಲಿಲ್ಲ. ಬೇವಿನ ಕೆಳಗೆ ಕೂತ ನಾನೂರಾ ಹನ್ನೊಂದು ಮಂದಿ ಒಬ್ಬೊಬ್ಬರಾಗಿ ಮುಖ ತಿರುವಿಕೊಂಡು, ಬಾಯಲ್ಲಿ ಉಪ್ಪಿಟ್ಟುಕೊಂಡು ಎದ್ದು ಹೋಗುತ್ತಿರುವಂತೆ ಕಂಡಿತು. ಎಷ್ಟು ಮಂದಿಗೆ ನಿಜವಾಗಿ ಗುಣವಾಗಿತ್ತು, ಎಷ್ಟು ಮಂದಿ ಅವನಿಂದ ಬಿಡಿಸಿಕೊಳ್ಳಲು ಆತು ಅಂದರು, ಇನ್ನು ಯಾರನ್ನು ಕೇಳುವುದು. ಗಂಟು ಬಿಚ್ಚಿದ. ಮನೀಷಾ ಅವನ ಬಾಯಿಯನ್ನೇ ನೋಡುತ್ತಿದ್ದಳು, ಅವನು ಕೇಳುವುದನ್ನು ಕಾಯುತ್ತ. ಅವಳ ತುಟಿ ಒಣಗಿ ಸೀಳಿತ್ತು. ಕೇಳಿದರೆ ಅವಳು ಆತು ಅನ್ನುತ್ತಾಳೆ, ಅನ್ನಲು ಸಿದ್ಧವಾಗಿಯೇ ಇದ್ದಾಳೆ. ಅಂದಮೇಲೆ ಅವನು ಎದ್ದು ಹೋಗಬಹುದು. ಶಿವರಾಜ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುತ್ತಾನೆ, ಚಹಾ ಕುಡಿಸುತ್ತಾನೆ, ಮತ್ತೆ ಕಾಲು ಮುಟ್ಟುತ್ತಾನೆ. ಇನ್ನೆರಡು ದಿನಕ್ಕೆ ಬದುವಿನ ಮೇಲೆ ಎಲ್ಲ ಒಣಗಿ ಉದುರಿ, ಎಲ್ಲಿ ಏನಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ಅವಳಿಗೇನಾದರೂ ಆದರೆ ಕಾಮಣಿಯಿಂದ ಆಯಿತು ಅನ್ನುತ್ತಾರೆ. ಎಲ್ಲ ಬಾಗಿಲೂ ತಾವಾಗಿ ಮುಚ್ಚಿಕೊಂಡು ಅವನನ್ನು ಒಳಗೆ ಕಾಪಾಡುತ್ತಿದ್ದವು.

ಅವನು ಕೇಳಲಿಲ್ಲ. 'ಬಾಯಿ ತಗಿ ಮಗಳ' ಎಂದ. ಅವಳು ತೆಗೆದಳು. ನಾಲಿಗೆಯ ಮೇಲೆ ಉಪ್ಪು ಇಟ್ಟ.

'ಕೇಳಲಿಲ್ಲಲ್ರಿ ಮಾಮಾ!' ಲಕ್ಕವ್ವ ಗಾಬರಿಯಾದಳು. 'ಕೇಳದ ಹೆಂಗ ಬಿಡಸ್ತೀರಿ?'

ಅಷ್ಟರಲ್ಲಿ ಡಾಕ್ಟರು ಬಂದಳು. ಸಣ್ಣ ವಯಸ್ಸಿನ ಹೆಂಗಸು, ಕನ್ನಡಕ, ನಿದ್ದೆಗೆಟ್ಟ ಮುಖ. ಹುಡುಗಿಯ ತುಟಿಯ ಮೇಲಿನ ಉಪ್ಪಿನ ಹರಳು ನೋಡಿ, ಇವನ ಕೈಯ ಬಟ್ಟೆ ನೋಡಿ, 'ಯಾರಿವ್ರು?' ಎಂದಳು.

'ನಮ್ಮ ಅಜ್ಜಾರ್ರಿ' ಎಂದ ಶಿವರಾಜ.

'ನಾ ಇವರ ಅಜ್ಜ ಅಲ್ರಿ' ಎಂದ ವಿಠೋಬಾ. ಸ್ಟೂಲಿನಿಂದ ಎದ್ದು ನಿಂತ. 'ಕಾಮಣಿ ಔಷಧ ಕೊಡಾಂವ. ಭಾನುವಾರ ಈ ಕೂಸಿಗಿ ನಾನ ಕೊಟ್ಟೇನಿ.' ಗಂಟಲಲ್ಲಿ ಅವ್ವನ ವೀಳ್ಯದೆಲೆಯ ವಾಸನೆ ಬಂದ ಹಾಗಾಯಿತು. ನಲವತ್ಮೂರು ವರ್ಷ ಹೊತ್ತದ್ದನ್ನು ಇಳಿಸುವಾಗ ನೆಲ ನಡುಗಬಹುದು ಎಂದುಕೊಂಡಿದ್ದ. 'ನೆಲನೆಲ್ಲಿ' ಎಂದ.

'ಅದು ಗೊತ್ತಾಗ್ತೈತಿ ಬಿಡ್ರಿ, ಎಲ್ಲಾರೂ ಅದನ್ನ ಕೊಡ್ತಾರ' ಎಂದಳು ಡಾಕ್ಟರು, ನಾಡಿ ಹಿಡಿದವಳು ತಲೆ ಎತ್ತದೆಯೇ. ನರ್ಸು ಹಿಂದಿನಿಂದ ಅದರ ಮರಾಠಿ ಹೆಸರು ಹಿಡಿದು, 'ಭುಯಿಆವಳಾ. ನಮ್ಮ ಮನಿ ಕುಂಡಿದಾಗೂ ಬೆಳದೈತಿ' ಎಂದಳು. ಅಷ್ಟೇ. ಸಲಾಯಿನ್ ಹನಿ ಬೀಳುತ್ತಲೇ ಇತ್ತು. ಲಕ್ಕವ್ವ ಉಸಿರು ಬಿಟ್ಟು, 'ಏನೂ ತ್ರಾಸ ಇಲ್ಲಲ್ರಿ ಬಾಯಾರ, ಅದರಿಂದ?' ಎಂದು ಕೇಳಿದಳು. 'ಅದರಿಂದ ಅಂತ ನನಗ ಅನಸೂದಿಲ್ಲ. ಆದ್ರ ಮೊದಲ ಹೇಳಬೇಕಿತ್ತು' ಎಂದು ಡಾಕ್ಟರು ಪೆನ್ನು ತೆಗೆದಳು. ಮುಗಿದೇ ಹೋಗಿತ್ತು. ಬೈಗುಳ ಕೂಡ ಬೀಳಲಿಲ್ಲ. ಲಕ್ಕವ್ವನ ಮುಖ ಅರಳಿತ್ತು, ಶಿವರಾಜ ಬಾಗಿಲಿನಲ್ಲಿ ದಾರಿ ಬಿಟ್ಟು ನಿಂತಿದ್ದ, ಇನ್ನು ಬರ್ರಿ ಅಜ್ಜಾ ಎನ್ನುವ ಹಾಗೆ. ಕೇಳಿದ್ದಕ್ಕೆ ಉತ್ತರ ಕೊಟ್ಟಾಗಿತ್ತು. ಕೇಳದೆ ಉಳಿದದ್ದನ್ನು ಈಗ ಅವನೇ ಎತ್ತಬೇಕಿತ್ತು.

'ಬದುವಿಗಿ ಎಣ್ಣಿ ಹೊಡದಿದ್ರು' ಎಂದ.

ಪೆನ್ನು ನಿಂತಿತು. 'ಏನಂದ್ರಿ?'

'ಕಸದ ಎಣ್ಣಿ. ಹಿಂದಿನ ದಿನಾ ಸಂಜಿಕ ಹೊಡದಿದ್ರು. ನಾ ಆ ಬದುವಿನ್ದ ಕಿತ್ತೇನಿ. ಆಚೀಗಿ ಹೊಡದಿಲ್ಲಂತ ತಿಳ್ಕೊಂಡೆ. ಇವತ್ತ ಮುಂಜಾನಿ ನೋಡಿದ್ರ ಆಚೀದೂ ಹಳದಿ ಬಿದ್ದೈತಿ.' ಉಪ್ಪಿನ ಬಟ್ಟೆಯನ್ನು ಮಡಚಿ, 'ಹೊಡದಾರಂತ ನನಗ ಗೊತ್ತಿತ್ತು' ಎಂದ.

ಶಿವರಾಜ ಬಾಗಿಲಿನಿಂದ ಬಂದು ಅವನ ತೋಳು ಹಿಡಿದ. ಬಿದ್ದವನನ್ನು ಹಿಡಿಯುವ ಹಿಡಿತವಲ್ಲ ಅದು. 'ಗೊತ್ತಿತ್ತು? ಅವತ್ತ ಹೇಳಾಕ ಏನಾಗಿತ್ತು ನಿಮಗ? ಬಾಯಿ ಬಿದ್ದ ಹೋಗಿತ್ತೇನು?' ಹೌದು, ಬಾಯಿ ಕಟ್ಟಿಕೊಂಡಿದ್ದೆ ಎಂದು ಹೇಳಿದರೆ ಅದು ನಿಜವಾಗುತ್ತಿತ್ತು, ಆದರೆ ಪೂರ್ತಿ ನಿಜವಾಗುತ್ತಿರಲಿಲ್ಲ. ಅವನ ಕಣ್ಣು ಹುಡುಗನ ಕೈಗಡಿಯಾರದ ಮೇಲೆ ಬಿತ್ತು, ಅಲ್ಲಿಂದ ತೆಗೆದುಕೊಂಡ. ಲಕ್ಕವ್ವ ಎರಡೂ ಕೈಯಿಂದ ಮಂಚದ ಕಂಬಿ ಹಿಡಿದು, 'ಮಾಮಾ' ಎಂದಳು, 'ಮಾಮಾ'.

'ಬಿಡ್ರಿ ಅವರನ್ನ' ಎಂದಳು ಡಾಕ್ಟರು. 'ಯಾವ ಎಣ್ಣಿ? ಹೆಸರು ಬೇಕು ನನಗ. ಡಬ್ಬಿ ಮೇಲೆ ಏನ ಬರದೈತಿ, ಈಗ ಕೇಳ್ರಿ. ಎಷ್ಟ ಹೊಡದಾರ ಅದನ್ನೂ ಕೇಳ್ರಿ.' ನರ್ಸಿಗೆ ಏನೋ ಬೇಗ ಬೇಗ ಹೇಳಿದಳು, ನರ್ಸು ಓಡಿದಳು.

ವಿಠೋಬಾ ಅಂಗಿಯ ಒಳಜೇಬಿನಿಂದ ಸಣ್ಣ ಫೋನು ತೆಗೆದ. ದುಂಡೇಶನದು ಮೂರನೆಯ ಗುಂಡಿ, ಹೊಲಕ್ಕೆ ನೀರು ಬಿಡುವ ಪಾಳಿ ಕೇಳಲು ಹಾಕಿಸಿಟ್ಟದ್ದು. ಅತ್ತ ಕಡೆ ಮೋಟರಿನ ಸದ್ದು, ನೀರಿನ ಸದ್ದು. 'ಹ್ಯಾಲೋ, ಹೇಳ ಕಾಕಾ.'

'ದುಂಡೇಶ' ಎಂದ. ಭಾನುವಾರ ನಾಲಿಗೆಯ ಮೇಲೆ ಎದ್ದು ನಿಂತು, ಅಂದಿನಿಂದ ಹಾಗೇ ನಿಂತಿದ್ದ ಮಾತು ಮೊದಲು ಹೊರಬಂತು. 'ಬದುವಿಗಿ ಎಣ್ಣಿ ಎಲ್ಲೀತನಕ ಹೊಡದಿದ್ದಿ?'

'ಪೂರಾ ಹೊಡದೇನಿ ಕಾಕಾ, ಈ ಕಡಿಂದ ಆ ಕಡೀತನಕ. ಯಾಕ? ಅವತ್ತ ಹೇಳಿದ್ನೆಲ್ಲಾ, ನೀ ಕೈ ಮಾಡಿದಿ. ತಿಳೀತಂತ ನಾ ಹೋದೆ. ಕಾಕಾ? ಆಡಿಗೇನರ ಆತೇನ? ಮಾತಾಡ ಕಾಕಾ.'

ವಿಠೋಬಾನ ಬಲಗೈ ತಾನಾಗಿ ಮೇಲೆದ್ದಿತ್ತು, ಬದುವಿನ ಮೇಲೆ ಎತ್ತಿದ್ದ ಹಾಗೆಯೇ. ಅದನ್ನು ಕಂಡು ಕೆಳಗಿಳಿಸಿದ. ಮಂಚದ ಮೇಲೆ ಹುಡುಗಿ ನಾಲಿಗೆಯಿಂದ ಉಪ್ಪನ್ನು ಮೆಲ್ಲಗೆ ಬಾಯೊಳಗೆಲ್ಲ ಆಡಿಸುತ್ತಿದ್ದಳು. 'ಅತ್ತಿ, ನೀರ ಕೊಡ್ರಿ' ಎಂದಳು. ಲಕ್ಕವ್ವ ಕಂಬಿ ಬಿಟ್ಟು, ಡಾಕ್ಟರು ಬರೆದುಕೊಟ್ಟು ಎರಡು ದಿನದಿಂದ ಹಾಗೇ ಇದ್ದ ಉಪ್ಪುಸಕ್ಕರೆಯ ಪುಡಿಯ ಪಾಕೀಟನ್ನು ಹಲ್ಲಿನಿಂದ ಹರಿದಳು.

'ಡಬ್ಬಿ ಐತೇನ ನಿನ್ನ ಹಂತ್ಯಾಕ?' ವಿಠೋಬಾ ಕೇಳಿದ.

'ಐತಿ, ಇಲ್ಲೇ ಮೋಟರ್ ಮನ್ಯಾಗ.'

'ಅದರ ಮ್ಯಾಲ ಏನ ಬರದಾರ, ಓದು.'

'ಇಂಗ್ಲಿಷ್‌ದಾಗ ಐತಿ ಕಾಕಾ. ಒಂದೊಂದ ಅಕ್ಷರ ಹೇಳ್ತೀನಿ ನೋಡ.'

ಮೊದಲನೆಯ ಅಕ್ಷರ ಬಂತು. ಅದು ಯಾವುದು, ಹೇಗಿರುತ್ತದೆ, ವಿಠೋಬಾನಿಗೆ ಗೊತ್ತಿರಲಿಲ್ಲ. ಕೋಣೆಗೆಲ್ಲ ಕೇಳುವ ಹಾಗೆ ಅದನ್ನು ಗಟ್ಟಿಯಾಗಿ ಹೇಳಿದ. ಡಾಕ್ಟರು ಬರೆದುಕೊಂಡಳು. ಶಿವರಾಜ ಗೋಡೆಗೆ ಮುಖ ಮಾಡಿ ನಿಂತಿದ್ದ.

'ಮುಂದ' ಎಂದ ವಿಠೋಬಾ, ಫೋನಿನೊಳಗೆ.